ಮಗ್ಗುಲು ಬದಲಿಸಿದವರು ಯಾರು

ನನ್ನ ಮಗಳಿಗೆ ತಾನಾಗಿ ಮಗ್ಗುಲು ಬದಲಿಸಲು ಬರುವುದಿಲ್ಲ. ಒಲೆಯ ಮೇಲೆ ಏನಿದ್ದರೂ ಬಿಟ್ಟು ಬಂದು ನಾನೇ ಹೊರಳಿಸುತ್ತೇನೆ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ನನಗೆ ಆಪರೇಷನ್ ಆದಾಗ ಬೇರೆ ದಾರಿಯಿಲ್ಲದೆ ಅವಳನ್ನು ಸರ್ಕಾರಿ ಆಶ್ರಯಧಾಮದಲ್ಲಿ ಬಿಟ್ಟಿದ್ದೆ.

ಕರೆತರಲು ಹೋದದ್ದು ಒಂದು ಮಧ್ಯಾಹ್ನ. ಅವಳಂತೆ ತಾವಾಗಿ ಹೊರಳಲಾಗದ ಮಕ್ಕಳದೇ ಕೋಣೆ, ಉಚ್ಚೆಯ ವಾಸನೆ ಮೂಗಿಗೆ ಬಡಿಯಿತು. ಅಷ್ಟು ಮಕ್ಕಳಿದ್ದರೂ ಒಂದೂ ಅಳುತ್ತಿರಲಿಲ್ಲ. ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮಗಳ ಬಟ್ಟೆ ನೆನೆದಿತ್ತು, ತಲೆಗೂದಲು ಗಂಟುಕಟ್ಟಿತ್ತು. ಅಂಗಿ ಎತ್ತಿ ನೋಡಿದರೆ ಬೆನ್ನಿನಲ್ಲಿ ಮಾತ್ರ ಒಂದು ಹುಣ್ಣೂ ಇಲ್ಲ. ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. ಬಾಗಿಲಲ್ಲಿ ನಿಂತಿದ್ದ ಆಯಾಳನ್ನು ಕೇಳಿದೆ.

“ಇವಳನ್ನ ಯಾರು ಹೊರಳಿಸ್ತಿದ್ರು ಆಯಮ್ಮ?”

“ನಂಗೆಲ್ಲಿ ಪುರುಸೊತ್ತಮ್ಮ? ಇಷ್ಟೂ ಮಕ್ಕಳಿಗೆ ನಾನೊಬ್ಳೇ. ಎರಡು ತುತ್ತು ಬಾಯಿಗಿಟ್ರೆ ಅದೇ ದೊಡ್ಡದು.”

“ಮತ್ತೆ ಯಾರು?”

ಆಯಾ ನನ್ನ ಮುಖ ನೋಡಲಿಲ್ಲ. “ಬೇಗ ಕರ್ಕೊಂಡು ಹೋಗಿಬಿಡಿ ತಾಯಿ. ಊಟ ಕೊಟ್ಟು ಬಾಗಿಲು ಹಾಕಿದ್ಮೇಲೆ ನಾನಂತೂ ಒಳಗೆ ಕಾಲಿಡಲ್ಲ.”

ಬಗ್ಗಿ ಮಗಳ ಬಟ್ಟೆಗಳನ್ನು ಚೀಲಕ್ಕೆ ತುಂಬಿ ತಲೆ ಎತ್ತಿದೆ. ಒಂದು ಮಂಚವೂ ಕಿರುಗುಟ್ಟಿರಲಿಲ್ಲ, ಆದರೆ ಮಕ್ಕಳೆಲ್ಲರ ಮುಖ ನಮ್ಮ ಕಡೆಗಿತ್ತು.

ಮನೆಗೆ ಬಂದು ಸ್ನಾನ ಮಾಡಿಸುವಾಗ ಅವಳ ಭುಜ, ಸೊಂಟದ ಮೇಲೆ ಕೈಯ ಗುರುತುಗಳು ಕಂಡವು, ಹೊರಳಿಸಲು ನಾನು ಹಿಡಿಯುವ ಜಾಗಗಳಲ್ಲೇ. ಒಂದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಅದು ನನ್ನ ಅಂಗೈಯ ಅರ್ಧದಷ್ಟೂ ಇರಲಿಲ್ಲ. ಆ ಕೋಣೆಯಲ್ಲಿ ಎದ್ದು ಓಡಾಡುವ ಮಗು ಒಂದೂ ಇರಲಿಲ್ಲ.