ಅವನು ಕಟ್ಟಿದ ಕೊನೆಯ ಚೀಲಗಳು

"ಬಾಗಿಲು ಮುಚ್ಚಿ!"

ಅವಳ ಕೂಗಿಗೆ ಅಣಬೆ ಕೋಣೆಯೊಳಗಿದ್ದ ಅಪರಿಚಿತ ಬೆಚ್ಚಿ ತಿರುಗಿದ. ಕೈಯಲ್ಲಿ ಟಾರ್ಚ್ ಉರಿಯುತ್ತಿತ್ತು.

"ಯಾರು ನೀವು? ಯಾರನ್ನ ಕೇಳಿ ಒಳಗೆ ಬಂದ್ರಿ?"

"ಅಣಬೆ ಬೀಜ ಕೊಡೋನು. ನಿಮ್ಮ ಯಜಮಾನ್ರಿಗೆ ನಾನೇ ಕೊಡ್ತಿದ್ದೆ. ನಿಮ್ಮತ್ತೆ ಬರೋಕೆ ಹೇಳಿದ್ರು."

ಅವಳಿಗೆ ಮೈಯೆಲ್ಲ ಉರಿಯಿತು.

ಗಂಡ ಹುಲ್ಲು ತುಂಬಿ ಕಟ್ಟಿದ ಕೊನೆಯ ಚೀಲಗಳು ಅಲ್ಲಿ ಸಾಲಾಗಿ ತೂಗುತ್ತಿದ್ದವು. "ಬೆಳಕು ಬೀಳೋಕೆ ಬಿಡ್ಬೇಡ ಕಣೇ," ಎಂದು ಹೇಳಿ ಸ್ಕೂಟರ್ ಹತ್ತಿದವನು ಜೀವಂತವಾಗಿ ಮರಳಲಿಲ್ಲ. ಅವಳು ಬೆಳಕು ಬಿಟ್ಟಿರಲಿಲ್ಲ. ಕತ್ತಲಲ್ಲೇ ನೀರು ಚಿಮುಕಿಸುವಾಗ ಅದೇ ದನಿ ಕೇಳಿಸುತ್ತಿತ್ತು. ಮುಟ್ಟಿದರೆ ಚೀಲಗಳು ಬೆಚ್ಚಗಿರುತ್ತಿದ್ದವು... ಗಂಡ ಈಗಷ್ಟೇ ಕೈ ತೆಗೆದ ಹಾಗೆ.

"ಇಲ್ಲಿ ನೋಡಿ," ಎಂದ ಬೀಜದವನು. ಚೀಲದ ತೂತುಗಳಿಂದ ಬಿಳಿಚಿದ ಬೆರಳುಗಳಂಥವು ಚಾಚಿಕೊಂಡಿದ್ದವು. "ಕಾಂಡ ಮಾತ್ರ ಉದ್ದ ಆಗಿದೆ, ತಲೆಯೇ ಇಲ್ಲ. ಬೀಜ ಹುಲ್ಲಲ್ಲಿ ಹರಡೋವರೆಗೆ ಕತ್ತಲೆ ಇರಲಿ. ಆಮೇಲೆ ಮೊಗ್ಗು ಕಟ್ಟೋಕೆ ಬೆಳಕು ಬೇಕೇ ಬೇಕು."

"ಅವರು ಹಾಗೆ ಹೇಳ್ಲಿಲ್ಲ!"

"ಹೇಳೋಕೆ... ಟೈಮ್ ಸಿಗ್ಲಿಲ್ಲ ಅನ್ಸುತ್ತೆ."

"ಹೊರಗೆ ನಡೀರಿ!"

ಅವನ ಹಿಂದೆಯೇ ಅವಳು ಬಾಗಿಲು ಬಡಿದ ರಭಸಕ್ಕೆ ಹಲಗೆ ಸೀಳಿತು.

ಸಿಟ್ಟಿಗೋ ಭಯಕ್ಕೋ, ಕೆಲವು ದಿನ ಅವಳು ಆ ಕಡೆ ಹೋಗಲಿಲ್ಲ. ಅತ್ತೆಯೇ ನೀರು ಹಾಕಿದರು. "ಹಿಂಗೇ ಮೂಲೇಲಿ ಕೂತಿರು, ನಿನ್ನ ಮೈಮೇಲೂ ಅಣಬೆ ಏಳುತ್ತೆ!" ಎಂದು ಗದರಿದರು. ಮತ್ತೆ ತಾವೇ ಅತ್ತರು.

ಕೊನೆಗೊಮ್ಮೆ ಒಳಗೆ ಹೋದಳು. ಸೀಳಿನಿಂದ ಬಂದ ಬೆಳಕು ಒಂದೇ ಚೀಲದ ಮೇಲೆ ಬಿದ್ದಿತ್ತು. ಆ ಚೀಲದಲ್ಲಿ ಮಾತ್ರ ಪುಟ್ಟ ಮೊಗ್ಗುಗಳು! ಒಂದೊಂದಕ್ಕೂ ಬೂದು ಬಣ್ಣದ ಗುಂಡು ತಲೆ.

'ನಿಮ್ಮ ಮಾತು ಕೇಳಿ ಕೇಳಿ, ನಾನೇ ಇವನ್ನ ಕೊಲ್ತಿದ್ನಾ?'

ಅತ್ತೆಯಿಂದ ನಂಬರ್ ಪಡೆದು ಬೀಜದವನಿಗೆ ಫೋನ್ ಮಾಡಿದಳು.

"ಒಂದು ಚೀಲಕ್ಕೆ... ತಲೆ ಬಂದಿದೆ."

"ಬರ್ಲಾ?"

"ಬನ್ನಿ."

ಕಿಟಕಿಗೆ ಕಟ್ಟಿದ್ದ ಕರಿ ಬಟ್ಟೆಯನ್ನು ಇಬ್ಬರೂ ಸೇರಿ ಬಿಚ್ಚಿದರು.

ಆ ಚೀಲಗಳು ಮುಗಿದವು. ಹೊಸ ಚೀಲಗಳನ್ನು ಅವಳೇ ಕಟ್ಟಿದಳು. ಅವನು ಬೀಜ ತರುತ್ತಿದ್ದ, ಬೀಜ ಬೇಡದ ದಿನವೂ ಬರುತ್ತಿದ್ದ. ಹಾಗೇ ವರ್ಷ ಕಳೆಯಿತು. ಒಂದು ಬೆಳಗ್ಗೆ ಅಣಬೆ ಕೀಳುತ್ತಿದ್ದವನ ಕೈ ನಿಂತಿತು.

"ನಿಮಗೊಂದು ಮಾತು ಹೇಳ್ಬೇಕು. ಆದ್ರೆ ಅವರ ಕೋಣೆಯಲ್ಲಿ ನಿಂತು ಹೇಳೋಕೆ ಭಯ."

"ನನಗೂ ಭಯ. ಅವರ ದನಿ ಇನ್ನೂ ಕೇಳಿಸುತ್ತೆ."

"ಏನಂತಾರೆ?"

ಅವಳು ಕಿವಿಗೊಟ್ಟಳು. ತುಂಬ ಹೊತ್ತು.

"ಈಗ ಏನೂ ಹೇಳ್ತಿಲ್ಲ... ನೀವು ಹೇಳಿ."