ಎರಡು ಸೇನೆಗೆ ಒಂದೇ ಉಪ್ಪು

ಎಷ್ಟೋ ಕಾಲದ ಹಿಂದೆ, ಬೆಟ್ಟಕ್ಕೂ ಕಡಲಿಗೂ ನಡುವೆ, ಜೋಡಿನಾಡು ಎಂಬ ರಾಜ್ಯವಿತ್ತು. ಬೆಟ್ಟದವರು ಸೌದೆ ತರುತ್ತಿದ್ದರು, ಕಡಲಿನವರು ಉಪ್ಪುನೀರು ತರುತ್ತಿದ್ದರು. ಇಬ್ಬರೂ ಸೇರಿ ದೊಡ್ಡ ಕೊಪ್ಪರಿಗೆಯಲ್ಲಿ ಉಪ್ಪು ಕಾಯಿಸುತ್ತಿದ್ದರು. ಆ ನಾಡಿನದೊಂದು ಕಟ್ಟಳೆ: ಯಾರು ಮಾಡಿದ ಉಪ್ಪು ತಿಂದೆಯೋ ಅವರ ಮೇಲೆ ಕೈ ಎತ್ತುವಂತಿಲ್ಲ. ಎತ್ತಿದರೆ ಕೈ ಮರವಾಗುತ್ತಿತ್ತು. ನಿಜಕ್ಕೂ ಮರ, ಬಡಿದರೆ ಟಕಟಕ ಎನ್ನುವ ಮರ!

ರಾಜ ಮಕ್ಕಳಿಲ್ಲದೆ ತೀರಿಕೊಂಡ. ಸಿಂಹಾಸನದ ಮೇಲೆ ಕಣ್ಣಿಟ್ಟ ಧೂಮಕನೆಂಬ ಮಾಂತ್ರಿಕ ಬೆಟ್ಟದಲ್ಲಿ “ಕಡಲಿನವರು ಪರದೇಶಿಗಳು” ಎಂದ. ಕಡಲಿನಲ್ಲಿ “ಬೆಟ್ಟದಯ್ಯ ದೇವರೇ ಅಲ್ಲ” ಎಂದ. ಸಾಹುಕಾರರ ಕಿವಿಯಲ್ಲಿ “ಕೊಪ್ಪರಿಗೆ ನೀವೇ ಇಟ್ಟುಕೊಳ್ಳಿ” ಎಂದ. ಉಪ್ಪು ನಿಂತಿತು, ಹಳೆಯ ಉಪ್ಪಿನ ಋಣವೂ ಕರಗಿತು. ಆಗ ಅವನು ಮರಳನ್ನೇ ಉಪ್ಪು ಮಾಡಿ ಇಬ್ಬರಿಗೂ ಉಣಿಸಿದ. ಇನ್ನೇನು? ಅವರವರು ಹೊಡೆದಾಡಬಹುದು, ಅವನನ್ನು ಮಾತ್ರ ಮುಟ್ಟುವಂತಿಲ್ಲ!

ಸೇನೆಗಳು ಎದುರುಬದುರು ನಿಂತವು. ಬೆಟ್ಟದ ಸೇನೆಯಲ್ಲಿ ದುಗ್ಗಿ ಎಂಬ ಹುಡುಗಿಯ ದೊಡ್ಡಣ್ಣ ಮಾಚ, ಕಡಲಿನ ಸೇನೆಯಲ್ಲಿ ಅವಳ ಚಿಕ್ಕಣ್ಣ ಕಲಿಯ.

“ಇಬ್ಬರಲ್ಲಿ ಯಾರು ಬಿದ್ದರೂ ನನಗೆ ಅಣ್ಣನೇ,” ಎಂದು ದುಗ್ಗಿ ಬುತ್ತಿ ಕಟ್ಟಿಕೊಂಡು ಹೊರಟಳು, ನಿಜವಾದ ಉಪ್ಪು ಮಾಡಲು.

ಬೆಟ್ಟದ ಬಾಗಿಲಲ್ಲಿ ಕಲ್ಲುಹುಲಿ ಗುಡುಗಿತು. “ಕೆಳಗಿನವರಿಗೆ ಸೌದೆ ಇಲ್ಲ!”

“ಅವ್ವ ಮೇಲಿನವಳು, ಅಪ್ಪ ಕೆಳಗಿನವನು. ನನ್ನ ಯಾವ ಅರ್ಧ ತಡೀತೀಯ, ಹುಲಿಯಣ್ಣ?”

ಹುಲಿ ತಲೆ ಕೆರೆದುಕೊಂಡು ದಾರಿ ಬಿಟ್ಟಿತು. ಅಬ್ಬಾ, ಹುಡುಗಿಯ ಬಾಯಿಯೇ!

ಕಡಲ ದಡದಲ್ಲಿ ಬಿಳಿ ಮೊಸಳೆ ಅಡ್ಡ ಮಲಗಿತ್ತು. “ಬೆಟ್ಟದಯ್ಯನ ಒಕ್ಕಲಿಗೆ ಕಡಲಮ್ಮನ ನೀರಿಲ್ಲ!”

“ಅಯ್ಯನ ಹೊಳೆ ದಿನಾ ಬಂದು ಸೇರುತ್ತಲ್ಲ, ಅಮ್ಮ ಎಂದಾದರೂ ಬೇಡ ಅಂದಳಾ? ಅವಳಿಗಿಲ್ಲದ ಮಡಿ ನಿನಗ್ಯಾಕಪ್ಪ?”

ಮೊಸಳೆ ನಾಚಿ ನೀರಿಗಿಳಿಯಿತು.

ಸಾಹುಕಾರರ ನೆಲಮಾಳಿಗೆಯಲ್ಲಿ ಕೊಪ್ಪರಿಗೆಗೆ ಹೊನ್ನಿನ ಹಾವು ಸುತ್ತಿಕೊಂಡಿತ್ತು. “ಬಡವರು ಮುಟ್ಟಬಾರದು!”

ದುಗ್ಗಿ ಹಾವಿನ ಬತ್ತಿದ ಹೊಟ್ಟೆ ನೋಡಿ, “ಇಷ್ಟು ಕಾಯ್ತೀಯ, ಉಂಡೆಯಾ?” ಎಂದಳು. ಅದನ್ನು ಯಾರೂ ಹಾಗೆ ಕೇಳಿರಲಿಲ್ಲ. ಅರ್ಧ ಬುತ್ತಿ ಉಂಡ ಹಾವು ಅವಳ ತಲೆಗೇರಿ ಸಿಂಬಿಯಾಗಿ ಸುತ್ತಿಕೊಂಡಿತು. ಕೊಪ್ಪರಿಗೆ ಅದರ ಮೇಲೆ ಹೂವಿನಷ್ಟು ಹಗುರವಾಗಿ ಕೂತಿತು!

ರಣರಂಗದ ನಟ್ಟನಡುವೆ ಒಲೆ ಹೂಡಿ ದುಗ್ಗಿ ಉಪ್ಪು ಕಾಯಿಸಿದಳು, ಅದನ್ನು ಹಾಕಿ ಗಂಜಿ ಮಾಡಿದಳು. ಘಮಕ್ಕೆ ಹಸಿದ ಸೈನಿಕರೆಲ್ಲ ಮುಗಿಬಿದ್ದರು.

“ಹೊಡೆಯಿರಿ!” ಎಂದು ಧೂಮಕ ಕಿರುಚಿದ.

“ಹೊಡೀರಣ್ಣ,” ಎಂದಳು ದುಗ್ಗಿ. “ಸೌದೆ ಬೆಟ್ಟದ್ದು, ನೀರು ಕಡಲಿನದು. ಯಾರ ಉಪ್ಪು ತಿಂದಿರಿ, ನೋಡಿಕೊಂಡು ಹೊಡೀರಿ.”

ಮಾಚ ಕಲಿಯನನ್ನು ನೋಡಿದ. ಕತ್ತಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಆಗ ನಿಜವಾದ ಉಪ್ಪು ತಾಗಿ ಸೈನಿಕರ ಹೊಟ್ಟೆಯಲ್ಲಿದ್ದ ಹುಸಿ ಉಪ್ಪು ಮತ್ತೆ ಮರಳಾಗಿ ಬಾಯಿಂದ ಉದುರಿತು. ಧೂಮಕನ ಮೈ ಕಟ್ಟಿದ್ದೂ ಅದೇ ಮಾಯೆಯಿಂದ. ಅವನೂ ಮರಳಾಗಿ ಕುಸಿದ, ಗಾಳಿ ಹೊತ್ತೊಯ್ದಿತು.

ಸಿಂಹಾಸನ? ಅದನ್ನು ಕಡಿದು ಮತ್ತೆ ಉಪ್ಪಿನ ಒಲೆ ಹೊತ್ತಿಸಿದರು. ಅಂದಿನಿಂದ ಕೊಪ್ಪರಿಗೆ ಎಲ್ಲರದು. ಎರಡೂ ಕಡೆಯ ಹಿರಿಯರು ಅದರ ಸುತ್ತ ಕೂತೇ ನಾಡು ಆಳಿದರು.

ಮಾಚ, ಕಲಿಯ ಮಾತ್ರ ಸಾಯುವವರೆಗೂ ಜಗಳ ಬಿಡಲಿಲ್ಲ.

“ಗಂಜಿಗೆ ಉಪ್ಪು ಕಡಿಮೆ ಕಣೋ.”

“ಜಾಸ್ತಿ ಕಣೋ ಅಣ್ಣ!”

ಒಂದೇ ಬೋಗುಣಿಯಿಂದ ಉಣ್ಣುತ್ತ, ನಗುತ್ತ, ಎಲ್ಲರೂ ಹೀಗೇ ಬಹುಕಾಲ ಬಾಳಿದರು.