ಲಂಕೆಯಲ್ಲಿ ಮಲಗಿದ ಮಧ್ಯಾಹ್ನಗಳು

"ಆ ಚಾಪೆ ಇತ್ತ ಕೊಡು."

ನಲವತ್ತು ದಿನದ ಮೇಲೆ ಕಂಡ ಬಾವ ಆಡಿದ ಮೊದಲ ಮಾತು ಇದು.

ಬಂಗಾರಪೇಟೆ ಸ್ಟೇಷನ್ನಿನ ಜನದ ನಡುವೆ ಆದಿಲಕ್ಷ್ಮಿ ಸುರುಳಿ ಸುತ್ತಿದ ಚಾಪೆಯನ್ನು ಎದೆಗವಚಿಕೊಂಡು ನಿಂತಿದ್ದಳು. ದೊರೆಸಾನಿಯೂ ಮಗುವೂ ಊರಿಗಾಂ ಕಡೆಯ ರೈಲು ಹತ್ತಿ ಹೋಗಿದ್ದರು. ಮಗುವಿನ ಆಯಾ ಆಗಿದ್ದ ಅವಳಿಗೆ ಹದಿನೈದು ದಿನ ರಜೆ ಸಿಕ್ಕಿತ್ತು.

ಕದಿರಪ್ಪ ಚಾಪೆ ತೆಗೆದುಕೊಂಡ. ಅವನ ಬೆರಳು ಅವಳ ಬೆರಳಿಗೆ ತಾಗಿತು. ಅವನು ಮುಖ ತಿರುಗಿಸಿ ಎತ್ತಿನ ಗಾಡಿಯ ಕಡೆ ನಡೆದ.

ಕದಿರಪ್ಪ ಅವಳ ಸೋದರಮಾವನ ಮಗ. ಊರಿಗಾಂನ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಯಲ್ಲಿ, ತಾಯಿಯ ಕಡೆಯ ಅಜ್ಜಿಯ ಜೊತೆಗಿದ್ದ. ನೆಲದೊಳಗೆ ಸುರಂಗಕ್ಕೆ ಮರದ ಆಸರೆ ಕೊಡುವ ಕೆಲಸ. ಅವಳು ಲಂಕೆಗೆ ಹೊರಡುವ ಮುಂಚೆಯೇ ಮದುವೆಯ ಒಪ್ಪು ವೀಳ್ಯ ಆಗಿ, ಗಂಡಿನ ಕಡೆಯ ಸೀರೆ ಅವಳ ಮನೆಗೆ ಬಂದಿತ್ತು. ಆಮೇಲೆ ಗಣಿಯ ದೊರೆಯ ಮಗುವಿಗೆ ಎದೆ ಕಟ್ಟಿ, ಸಮುದ್ರದ ಗಾಳಿ ಬೇಕು ಅಂತ ಡಾಕ್ಟರು ಹೇಳಿದರು. ಧನುಷ್ಕೋಟಿಯಿಂದ ಹಡಗಿನಲ್ಲಿ ಲಂಕೆಗೆ. ಆಯಾ ಕೂಡ ಹೋಗಬೇಕಾಯಿತು.

ದಾರಿಯುದ್ದಕ್ಕೂ ಅವಳು ಕಾದಳು. ಸಮುದ್ರ ಹೆಂಗಿತ್ತು? ಹಡಗು ಅಲ್ಲಾಡ್ತಾ? ಒಂದು ಮಾತು ಕೇಳಬಾರದೆ? ಎತ್ತಿನ ಕೊರಳ ಗಂಟೆ ಬಿಟ್ಟರೆ ಸದ್ದಿಲ್ಲ.

ಹಳ್ಳಿಯಲ್ಲಿ ಅವಳ ಮನೆ ಬಂತು. ಕದಿರಪ್ಪ ಚಾಪೆಯನ್ನು ಮಾತ್ರ ಒಳಗೆ ತರಲಿಲ್ಲ. ಹಿತ್ತಿಲಿಗೆ ಒಯ್ದು ಕೊಡವಿದ. ಬಹಳ ಹೊತ್ತು ಕೊಡವಿದ. ಆ ಸದ್ದು ಅವಳ ಬೆನ್ನ ಮೇಲೆ ಬಿದ್ದಂತೆ ಕೇಳಿಸಿತು.

ನೀರು ದಾಟಿ ಹೋದವಳ ಮೈಲಿಗೆ ಕೊಡವ್ತಿದಾನೆ... ಅಂದುಕೊಂಡಳು. ಕಣ್ಣು ತುಂಬಿತು.

ತಾಯಿ ಗಂಗರತ್ನಮ್ಮ ಅವತ್ತೇ ಬುದ್ಧಿ ಹೇಳಿದ್ದಳು. ಯಾರು ಏನೇ ಕೇಳಲಿ, ಮಗು ಎತ್ತಿಕೊಂಡಿದ್ದೆ ಅಷ್ಟೇ ಅನ್ನಬೇಕು. ಮದುವೆಯಾಗದ ಹೆಣ್ಣು ಪರದೇಶದಲ್ಲಿ ಸುಖವಾಗಿದ್ದಳು ಅಂದರೆ ನಮ್ಮ ಜನ ಸುಖವನ್ನು ಬಿಟ್ಟು ಬೇರೆ ಏನೇನೋ ಅರ್ಥ ಮಾಡುತ್ತಾರೆ ಅಂತ. ಬಾವಿಕಟ್ಟೆಯಲ್ಲಿ ಹೆಂಗಸರು ಸುತ್ತಿಕೊಂಡಾಗ ಆದಿಲಕ್ಷ್ಮಿ ಅದನ್ನೇ ಹೇಳಿದಳು.

ಆದರೆ ಅವಳು ಸುಖವಾಗಿದ್ದಳು. ಹುಟ್ಟಿದ ಮೇಲೆ ಮೊದಲ ಸಲ. ಅದನ್ನು ಹೇಳಿಕೊಳ್ಳಬೇಕು ಅನ್ನಿಸಿದ್ದು ಒಬ್ಬನ ಹತ್ತಿರ ಮಾತ್ರ, ಅವನು ಕೇಳಲೇ ಇಲ್ಲ.

ಎಂಟನೆಯ ದಿನ ಸುದ್ದಿ ಬಂತು.

ಗಣಿಯ ಕಾವಲಿನವರು ಲೈನ್ ಮನೆಗಳನ್ನು ಶೋಧಿಸುವಾಗ ಕದಿರಪ್ಪನ ಗೂಡಿನಲ್ಲಿ ಒಂದು ನಶ್ಯದ ಡಬ್ಬಿ ಸಿಕ್ಕಿತಂತೆ. ಅದರ ತುಂಬ ಮರಳು. ಕಪ್ಪಗೆ, ನಯವಾಗಿ, ಬಿಸಿಲಿಗೆ ಹಿಡಿದರೆ ಫಳಫಳ ಹೊಳೆಯುವ ಮರಳು.

ಆ ಸೀಮೆಯಲ್ಲಿ ಹೊಳೆಯುವ ಮರಳು ಮನೆಯಲ್ಲಿ ಇರುವುದೆಂದರೆ ಹಾವು ಸಾಕಿದ ಹಾಗೆ. ಗಿರಣಿಯಲ್ಲಿ ಬಂಡೆ ಅರೆದು ಬಂದ ಚಿನ್ನದ ಮರಳು ಅಂತ ತೀರ್ಮಾನವಾದರೆ ಕೆಲಸ ಹೋಯಿತು, ಮನೆ ಹೋಯಿತು, ಮೇಲೆ ಜೈಲು. ಅವನನ್ನು ಕಾವಲು ಚೌಕಿಯಲ್ಲಿ ಕೂರಿಸಿದ್ದಾರೆ. ಎಲ್ಲಿಂದ ಬಂತು ಅಂದರೆ, "ಗಣಿದಲ್ಲ" ಅನ್ನುತ್ತಾನೆ. ಮತ್ತೆಲ್ಲಿಯದು ಅಂದರೆ ಬಾಯಿ ಬಿಡುವುದಿಲ್ಲ.



ವೀಳ್ಯದ ದಿನ ತನ್ನ ತಾಯಿ ಆಡಿದ ಕುಹಕ ಆದಿಲಕ್ಷ್ಮಿಗೆ ನೆನಪಾಯಿತು. ಬಂಗಾರ ಅಗೆಯುವವನ ಹೆಂಡತಿಯ ಕೊರಳಿಗೆ ಅರಿಶಿನದ ಕೊಂಬೇ ಗತಿ ಅಂದಿದ್ದಳು. ನೆಂಟರೆಲ್ಲ ನಕ್ಕಿದ್ದರು. ಕದಿರಪ್ಪ ಮಾತ್ರ ತಲೆ ತಗ್ಗಿಸಿ, ತಾಳಿ ಬಂಗಾರದ್ದೇ ತರುತ್ತೇನೆ ಅತ್ತೆ ಅಂದಿದ್ದ.

ನನ್ನ ತಾಳಿಗೋಸ್ಕರ ಕದ್ದನಾ? ಅದಕ್ಕೇ ನನ್ನ ಮುಖ ನೋಡಲಾರದೆ ಹೋದನಾ?

ಸಿಟ್ಟು ಬಂತು. ಅದರ ಹಿಂದೆಯೇ ಅಳು ಬಂತು. ಕಳ್ಳತನದ ತಾಳಿ ಯಾರು ಕೇಳಿದ್ದರು ಇವನನ್ನು...

ಗಂಗರತ್ನಮ್ಮ ತಡಮಾಡಲಿಲ್ಲ. ಪಕ್ಕದೂರಿನ ರಾಮಚಂದ್ರಪ್ಪನ ಮಗನಿಗೆ ಕೊಡುವುದೆಂದು ಮಾತು ಮುಗಿಸಿ ಬಂದಳು. ಶುಕ್ರವಾರ ವೀಳ್ಯ. ಮಗಳು ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಗುರುವಾರ ಬೆಳಿಗ್ಗೆ ಕದಿರಪ್ಪನ ಅಜ್ಜಿ ದೊಡ್ಡಮುನಿಯಮ್ಮ ಬಂದಳು. ಒಳಗೆ ಕಾಲಿಡದೆ ಹೊಸ್ತಿಲಾಚೆ ನಿಂತಳು. ಮೊಮ್ಮಗ ಹೇಳಿ ಕಳಿಸಿದ್ದನಂತೆ. ಸೀರೆ ವಾಪಸು ತೆಗೆದುಕೋ, ಹುಡುಗಿ ಬಿಡುಗಡೆಯಾಗಲಿ ಅಂತ. ಹೊತ್ತು ಇಳಿಯುವುದರೊಳಗೆ ಅವನನ್ನು ಕೋಲಾರಕ್ಕೆ, ಕೋರ್ಟಿಗೆ ಕಳಿಸುತ್ತಾರಂತೆ.

ಗಂಗರತ್ನಮ್ಮ ಸೀರೆಯ ಗಂಟನ್ನು ಆಗಲೇ ಹೊಸ್ತಿಲ ಪಕ್ಕ ಇಟ್ಟಿದ್ದಳು. ಮುದುಕಿ ಬಗ್ಗಿ ಎತ್ತಿಕೊಳ್ಳುವಾಗ ಆದಿಲಕ್ಷ್ಮಿ ತಡೆಯಲಾರದೆ ಕೇಳಿದಳು.

"ನಿಜ ಯೋಳಜ್ಜಿ. ಬಾವ ಕದ್ದಿದ್ದು ಉಂಟಾ?"

ಮುದುಕಿ ಸೊಂಟ ನೆಟ್ಟಗೆ ಮಾಡಿಕೊಂಡು ಅವಳನ್ನೇ ನೋಡಿದಳು.

"ಉಂಟು ಕಣಮ್ಮಿ. ಕದ್ದವ್ನೆ. ನಿನ್ನ ಚಾಪೇಲಿಂದ ಕದ್ದವ್ನೆ."

ಆದಿಲಕ್ಷ್ಮಿಗೆ ಅರ್ಥವಾಗಲಿಲ್ಲ.

"ನಿಮ್ಮ ಹಿತ್ತಲಲ್ಲಿ ಪಂಚೆ ಹಾಸಿ ಕೊಡವಿ, ಒಂದೊಂದು ಕಾಳೂ ಬಿಡದಂಗೆ ಕೂಡಿಸ್ಕೊಂಡು ಬಂದ. ಏನ್ಲಾ ಇದು ಹುಚ್ಚು ಅಂದೆ. ಲಕ್ಷ್ಮಿ ಇದರ ಮೇಲೆ ಮಲಗಿರ್ತಾಳೆ ಕಣಜ್ಜಿ ಅಂದ. ಈಗ ಚೌಕೀಲಿ ಹೆಣ್ಣಿನ ಹೆಸರು ಎತ್ತಬಾರದು ಅಂತ ನನ್ನ ಬಾಯಿಗೂ ಆಣೆ ಹಾಕವ್ನೆ. ಆಣೆ ಮುರಿದೆ. ನರಕಕ್ಕೆ ನಾನೇ ಓಗ್ತೀನಿ ಬಿಡು."

ಕೊಡವಿದ್ದು ಮೈಲಿಗೆಯಲ್ಲ...

ಆದಿಲಕ್ಷ್ಮಿ ಮುದುಕಿಯ ಕೈಯಿಂದ ಸೀರೆಯ ಗಂಟು ಕಿತ್ತುಕೊಂಡಳು. ಕಂಕುಳಲ್ಲಿ ಇರುಕಿಕೊಂಡು ಬೀದಿಗೆ ಇಳಿದಳು. ತಾಯಿ ಕೂಗಿದಳು, ಬೈದಳು, ಈ ಹೊಸ್ತಿಲು ದಾಟಿದರೆ ನಾಳಿನ ವೀಳ್ಯ ಮುರಿದಂತೆ ಅಂದಳು. ದಾಟಿ ಆಗಿತ್ತು.

ಅವಳೂ ಮುದುಕಿಯೂ ಬಂಗಾರಪೇಟೆಯಲ್ಲಿ ರೈಲು ಹತ್ತಿದರು. ಊರಿಗಾಂ ಹತ್ತಿರವಾದ ಹಾಗೆ ಕಿಟಕಿಯಾಚೆ, ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣಿನ ಬಿಳಿಯ ದಿಬ್ಬಗಳು ಬಂದವು. ಅವನನ್ನು ಕಳಿಸಿಬಿಟ್ಟಿದ್ದರೆ? ನನ್ನ ಮಾತು ಯಾರು ನಂಬುತ್ತಾರೆ?

ಪಾಳಿ ಬದಲಾಗುವ ಹೊತ್ತು. ಚೌಕಿಯ ಮುಂದೆ ನೂರಾರು ಗಂಡಸರು ಸಾಲು ನಿಂತಿದ್ದರು. ತಮಿಳು, ತೆಲುಗು, ಕನ್ನಡ ಎಲ್ಲ ಕಲಸಿದ ಗದ್ದಲ. ಜಗಲಿಯ ಮೇಲೆ ಕಾವಲಿನ ಜಮೇದಾರ ಜಯರಾಮಪ್ಪ, ಮುಂದೆ ಮೇಜಿನ ಮೇಲೆ ಆ ಡಬ್ಬಿ. ಗೋಡೆಗೆ ಒರಗಿ ಕದಿರಪ್ಪ. ಗಡ್ಡ ಬೆಳೆದಿತ್ತು. ಅವಳನ್ನು ಕಂಡದ್ದೇ ಬೇಡ ಬೇಡ ಅಂತ ತಲೆಯಾಡಿಸಿದ.

ಅದು ನನ್ನ ಚಾಪೆಯ ಮರಳು, ಲಂಕೆಯ ಸಮುದ್ರದ ದಡದ್ದು ಅಂದಳು ಆದಿಲಕ್ಷ್ಮಿ.

ಜಮೇದಾರ ಕೆಟ್ಟವನಲ್ಲ. ಆದರೆ ಇಪ್ಪತ್ತು ವರ್ಷ ಸುಳ್ಳು ಕೇಳಿ ಕೇಳಿ ಕಿವಿ ಗಟ್ಟಿಯಾಗಿತ್ತು. ಮಗು ಆಡಿಸಲು ಹೋದ ಆಯಾಳ ಚಾಪೆಯಲ್ಲಿ ಡಬ್ಬಿ ತುಂಬುವಷ್ಟು ಮರಳು ಹೇಗೆ ಬಂತು, ಅಲ್ಲಿ ನೀನು ಮಾಡಿದ್ದಾದರೂ ಏನು ಅಂತ ಕೇಳಿದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ಹೇಳಿದರೆ ನಾಳೆ ಸೀಮೆಗೆಲ್ಲ ಗೊತ್ತಾಗುತ್ತದೆ. ಹೇಳದಿದ್ದರೆ ಇವನಿಲ್ಲ.

"ಮಲಗಿದ್ದೆ ಸಾಮಿ."

ಜಮೇದಾರ ತಲೆ ಎತ್ತಿದ.

"ಮದ್ಯಾನ ಮಗ ಮಲಗೋದು. ನೀನೂ ಮಲಗು ಅಂತ ದೊರೆಸಾನಿ ಅಂದ್ರು. ಹುಟ್ಟಿದಾಗಿಂದ ನಾನು ಹಗಲು ಮಲಗಿದೋಳಲ್ಲ. ತೆಂಗಿನ ನೆರಳಲ್ಲಿ, ಮರಳ ಮೇಲೆ ಚಾಪೆ ಹಾಕಿ ಮಲಗಿದೆ. ದಿನಾ ಮಲಗಿದೆ."

ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ಅಲ್ಲಿನ ಎಳನೀರಿನ ಕಾಯಿ ಹಸಿರಲ್ಲ, ಕಿತ್ತಳೆ ಬಣ್ಣದ್ದು, ಕುಡಿದರೆ ಹೊಟ್ಟೆಯವರೆಗೂ ತಂಪು ಇಳಿಯುವುದು ತಿಳಿಯುತ್ತದೆ ಅಂದಳು. ಎರಡು ಮರಕ್ಕೆ ಬಲೆ ಕಟ್ಟಿ ತೂಗುವ ಹಾಸಿಗೆ ಮಾಡಿದ್ದರು, ಯಾರೂ ಇಲ್ಲದಾಗ ಅದರಲ್ಲಿ ತೂಗಿಕೊಂಡೆ ಅಂದಳು. ಮೊಣಕಾಲ ತನಕ ನೀರಿನಲ್ಲಿ ನಿಂತರೆ ಅಲೆ ಹಿಂದಕ್ಕೆ ಹೋಗುವಾಗ ಅಂಗಾಲಿನಡಿಯ ಮರಳನ್ನು ಕಚಗುಳಿಯಿಟ್ಟು ಎಳೆದುಕೊಂಡು ಹೋಗುತ್ತದೆ, ಆಗ ಒಬ್ಬಳೇ ನಗುತ್ತಿದ್ದೆ ಅಂದಳು. ತಲೆಯ ಮೇಲೆ ಕೊಡವಿಲ್ಲದೆ, ಸೊಂಟದಲ್ಲಿ ಮಗುವಿಲ್ಲದೆ, ಕೂದಲು ಬಿಚ್ಚಿಕೊಂಡು ಸುಮ್ಮನೆ ನಡೆದೆ ಅಂದಳು. ಪಾಳಿಯ ಕೂಗು ಕೇಳದ ಬೆಳಗು ಹೇಗಿರುತ್ತದೆ ಅಂತ ಹೇಳುವಾಗ, ಹಗಲು ಬೆಳಕು ಕಾಣದೆ ದುಡಿಯುವ ಆ ಗಂಡಸರಲ್ಲಿ ಒಬ್ಬರೂ ನಗಲಿಲ್ಲ.

"ಅದರ ಮರಳು ಇದು. ನಾಲಿಗೆ ಮೇಲೆ ಇಟ್ಟು ನೋಡಿ ಸಾಮಿ. ಸಮುದ್ರದ್ದು ಉಪ್ಪಿರ್ತದೆ."

ಜಮೇದಾರನ ಮುಖ ಬಿಗಿಯಿತು. ಆ ಊರಲ್ಲಿ ಮರಳನ್ನು ಬಾಯಿಗಿಟ್ಟವರಿಲ್ಲ. ಸೈನೈಡ್ ಮುಟ್ಟಿದ ಮಣ್ಣು ಮೇದ ದನ ನಿಂತಲ್ಲೇ ಸತ್ತದ್ದನ್ನು ಎಲ್ಲರೂ ಕಂಡವರೇ.

ಆದಿಲಕ್ಷ್ಮಿ ಮುಂದೆ ಬಂದು ಡಬ್ಬಿಗೆ ಕೈ ಹಾಕಿದಳು.

"ಲಕ್ಷ್ಮೀ, ಬೇಡ!" ಕದಿರಪ್ಪ ಗೋಡೆ ಬಿಟ್ಟು ನುಗ್ಗಿದ. ಇಬ್ಬರು ಕಾವಲಿನವರು ಅವನ ರಟ್ಟೆ ಹಿಡಿದರು.

ಅವಳು ಒಂದು ಚಿಟಿಕೆ ಮರಳನ್ನು ನಾಲಿಗೆಯ ಮೇಲೆ ಹಾಕಿಕೊಂಡು, ಬಾಯಿ ಮುಚ್ಚಿ, ಅವನನ್ನೇ ನೋಡುತ್ತ ನಿಂತಳು.

ಅವಳಿಗೆ ಏನೂ ಆಗಲಿಲ್ಲ. ಉಪ್ಪಿಗೆ ಕಣ್ಣಲ್ಲಿ ನೀರು ಬಂತು, ಅಷ್ಟೇ. ಉಪ್ಪಿಗೇ ಬಂತೋ, ಬೇರೆ ಯಾತಕ್ಕೆ ಬಂತೋ.

ಜಯರಾಮಪ್ಪ ಕಿರುಬೆರಳ ತುದಿಗೆ ನಾಲ್ಕು ಕಾಳು ಅಂಟಿಸಿಕೊಂಡು ನಾಲಿಗೆಗೆ ಮುಟ್ಟಿಸಿದ. ಪಕ್ಕಕ್ಕೆ ಉಗಿದು, ನೀರು ತರಿಸಿ ಬಾಯಿ ತೊಳೆದುಕೊಂಡ.

"ಉಪ್ಪೇ," ಅಂದ. "ನಮ್ಮ ಬಂಡೇಲಿ ಉಪ್ಪೆಲ್ಲಿಂದ ಬತ್ತದೆ? ಬಿಡ್ರಲಾ ಅವನ್ನ."

ಆದರೂ ಬಿಡುಗಡೆ ಅಷ್ಟು ಸುಲಭಕ್ಕೆ ಆಗಲಿಲ್ಲ. ಮರಳು ಪರೀಕ್ಷೆಯ ಮನೆಗೆ ಹೋಯಿತು. ಅದರಲ್ಲಿ ಇರುವುದು ಕಾಗೆಬಂಗಾರದ ಹೊಳಪು, ಚಿನ್ನದ ಸುಳಿವಿಲ್ಲ ಅಂತ ಚೀಟಿ ಬರುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಅಷ್ಟೂ ಹೊತ್ತು ಆದಿಲಕ್ಷ್ಮಿ ಜಗಲಿಯ ಕೆಳಗೆ ನಿಂತೇ ಇದ್ದಳು.

ಕದಿರಪ್ಪ ಹೊರಗೆ ಬಂದ. ದೊಡ್ಡಮುನಿಯಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಕಾಲು ನೋಯುತ್ತದೆ, ನಾನು ಮುಂದೆ ಹೋಗುತ್ತಿರುತ್ತೇನೆ ಅಂತ ಹೊರಟವಳು, ಕಾಲು ನೋವೇ ಇಲ್ಲದವಳ ಹಾಗೆ ಓಡಿದಳು.

ಇಬ್ಬರೂ ಲೈನ್ ಮನೆಗಳ ಕಡೆ ನಡೆದರು. ಮೊದಲು ಅವನೇ ಅಂದ.

"ಕೇಳ್ದೆ ತಕ್ಕೊಂಡಿದ್ದು ತಪ್ಪಾಯ್ತು."

"ಕೇಳಿದ್ರೆ ಚಾಪೇನೇ ಕೊಡ್ತಿದ್ದೆ. ಬಾವ... ಅವತ್ತು ಗಾಡೀಲಿ ಒಂದು ಮಾತು ಯಾಕೆ ಆಡ್ಲಿಲ್ಲ? ನನ್ನ ಮೇಲೆ ಅನುಮಾನವಾ?"

ಅವನು ನಿಂತ.

"ಅನುಮಾನ ಅಲ್ಲ ಕಣಮ್ಮಿ, ಭಯ. ರೈಲಿಂದ ಇಳಿದಾಗ ನಿನ್ನ ಮೊಕ ಎಂಗಿತ್ತು ಗೊತ್ತಾ? ಅಷ್ಟು ಹಗುರ ನಾನು ಯಾವತ್ತೂ ನೋಡಿರ್ಲಿಲ್ಲ. ನಾನು ನಿನ್ನ ಕರ್ಕೊಂಡೋಗೋದು ತಗಡಿನ ಲೈನ್ ಮನೆಗೆ. ಕೇಳಿದ್ರೆ ಅಲ್ಲೀದೆಲ್ಲ ಯೋಳ್ತೀಯ... ಆಮೇಲೆ ನಾನೇನು ಯೋಳ್ಲಿ?"

ಆದಿಲಕ್ಷ್ಮಿ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಕಂಕುಳಲ್ಲಿದ್ದ ಸೀರೆಯ ಗಂಟು ಜಾರುತ್ತಿತ್ತು. ಅವನು ಕೈ ಚಾಚಿ ಅದನ್ನು ಹಿಡಿದುಕೊಂಡ, ಅವಳ ಕೈಯನ್ನೂ ಬಿಡಲಿಲ್ಲ.

"ಲಕ್ಷ್ಮಿ, ಈಗ ಕೇಳ್ತೀನಿ. ಅಲ್ಲೇ ಇದ್ದುಬಿಡಾಣ ಅನ್ನಿಸ್ಲಿಲ್ವಾ ನಿಂಗೆ?"

"ಅನ್ನಿಸ್ತು," ಅಂದಳು.

ಅವನ ಬೆರಳು ಸಡಿಲವಾಯಿತು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಒಬ್ಳೇ ಅಲ್ಲ ಬಾವ."